‘ಇಲ್ಲ’ ಎಂದು ಬರೆದ ಅರ್ಜಿ

ಬೇಡುವ ಮೊದಲೇ ಉಸಿರು ಕೊಟ್ಟ ಶಿವನಿಗೆ ಶರಣು. ಅವನ ದಾರಿ ತೋರಿದ ಗುರುವಿಗೆ ಶರಣು. ನಮ್ಮ ಮಠದಲ್ಲಿ ನಡೆದ ಮಾತನ್ನು ಕೇಳಿದಷ್ಟೇ ಹೇಳುತ್ತೇನೆ. ತಪ್ಪಿದ್ದರೆ ಅದು ನನ್ನದು.

ಗುರುಶಾಂತ ಎಂಬ ಶಿಷ್ಯ ಒಂದು ಬೆಳಿಗ್ಗೆ ಗುರುಗಳ ಮುಂದೆ ಕುಳಿತು ಕೇಳಿದ: “ಬುದ್ಧಿ, ತಾನು ಮಾಡಿದ ಒಳ್ಳೆಯ ಕೆಲಸವನ್ನು ತಾನೇ ಬರೆದುಕೊಳ್ಳುವುದು ಅಹಂಕಾರವಲ್ಲವೇ?”

ಅವನ ಕೈಯಲ್ಲಿ ಆರೋಗ್ಯ ಇಲಾಖೆಯ ಅರ್ಜಿ ಇತ್ತು. ಹಿಂದಿನ ವರ್ಷ ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಹಬ್ಬಿದಾಗ ಅವನು ಇಲಾಖೆಯವರ ಜೊತೆ ನಾಲ್ಕು ತಿಂಗಳು ತರಬೇತಿಗೆ ಹೋಗಿ, ಬಾವಿ ತೊಟ್ಟಿಗಳಿಗೆ ಕ್ಲೋರಿನ್ ಹಾಕಿ ಬಂದಿದ್ದ. ಈಗ ಆರೋಗ್ಯ ನಿರೀಕ್ಷಕರ ಹುದ್ದೆಗೆ ಕರೆದಿದ್ದರು. ಮರುದಿನವೇ ಕೊನೆಯ ದಿನ. ಹೆಸರು, ವಿಳಾಸ, ಓದು ಎಲ್ಲ ತುಂಬಿತ್ತು. ‘ಸೇವಾನುಭವ’ ಎಂಬ ಜಾಗ ಮಾತ್ರ ಖಾಲಿ.

ಗುರುಗಳು ಅರ್ಜಿಯನ್ನೂ ಅವನನ್ನೂ ನೋಡಿದರು. “ಪೆನ್ನನ್ನು ಕಚ್ಚಿ ಅರ್ಧ ತಿಂದಿದ್ದೀಯಲ್ಲ, ತಿಂಡಿ ಆಗಲಿಲ್ಲವೇನೋ?”

“ಆಯ್ತು ಬುದ್ಧಿ.”

“ಹಾಗಾದರೆ ಕೇಳು” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಕ್ವಾರಿಯ ಪಕ್ಕದಲ್ಲಿ ಕಲ್ಲುಕುಟಿಗರ ಕೇರಿ ಇತ್ತು. ಅಲ್ಲಿ ಹತ್ತೊಂಬತ್ತು ಜನಕ್ಕೆ ಕ್ಷಯ ತಗುಲಿತು. ಅದೇ ಕೇರಿಯ ಕಲ್ಲುಕುಟಿಗನೊಬ್ಬನ ಮಗಳು ಓದಿಕೊಂಡವಳು. ಅವಳು ಆರೋಗ್ಯ ಕೇಂದ್ರದಲ್ಲಿ ಆರು ತಿಂಗಳ ತರಬೇತಿಗೆ ಸೇರಿದಳು. ದಿನವೂ ಬೆಳಿಗ್ಗೆ ಮನೆಮನೆಗೆ ಹೋಗಬೇಕು. ರೋಗಿ ತನ್ನ ಕಣ್ಣೆದುರೇ ಮಾತ್ರೆ ನುಂಗುವುದನ್ನು ನೋಡಬೇಕು. ಅದು ಅವಳ ಕೆಲಸ.

ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಸುತ್ತಿಗೆ ಎತ್ತಲು ಕೈ ಬರುವುದಿಲ್ಲ ಎಂದು ಕೆಲವರು ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದರು. ಅವಳು ಯಾರನ್ನೂ ಬೈಯಲಿಲ್ಲ. ನೀರು ಕುಡಿಸಿದ ಮೇಲೆ, “ಈಗ ಮನೆಯವರ ಹೆಸರೆಲ್ಲ ಒಂದು ಸಲ ಹೇಳಿ, ಅವರಿಗಾಗಿ ದೇವರನ್ನು ಬೇಡಿಕೊಳ್ಳೋಣ” ಎನ್ನುತ್ತಿದ್ದಳು. ಬಾಯಲ್ಲಿ ಮಾತ್ರೆ ಇಟ್ಟುಕೊಂಡು ಎಂಟು ಹತ್ತು ಹೆಸರು ಹೇಳಲಾಗದು. ನಡುವೆ ನುಂಗಲೇಬೇಕು. ಆರು ತಿಂಗಳಲ್ಲಿ ಹತ್ತೊಂಬತ್ತು ಜನವೂ ಗುಣವಾದರು.

ವೈದ್ಯರು ಅವಳಿಗೆ ಪ್ರಮಾಣಪತ್ರ ಕೊಟ್ಟರು. ಅವಳು ಅದನ್ನು ದೇವರ ಪಟದ ಹಿಂದಿಟ್ಟು ಕೈಮುಗಿದಳು. ದೇವರಿಗೆ ಒಪ್ಪಿಸಿದ್ದನ್ನು ಮತ್ತೆ ತನ್ನದೆಂದು ಹೇಳಬಾರದು ಎಂದುಕೊಂಡಳು.

ಸ್ವಲ್ಪ ದಿನದ ಮೇಲೆ ಅದೇ ಕೇರಿಗೆ ಒಬ್ಬ ಆರೋಗ್ಯ ಕಾರ್ಯಕರ್ತರು ಬೇಕೆಂದು ಇಲಾಖೆ ಅರ್ಜಿ ಕರೆಯಿತು. ಅವಳೂ ಹಾಕಿದಳು. ಸೇವಾನುಭವದ ಜಾಗದಲ್ಲಿ ‘ಇಲ್ಲ’ ಎಂದು ಬರೆದಳು. ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಸಾಲಿನ ಕೆಳಗೆ ಸಹಿ ಮಾಡಿದಳು. ಅನುಭವಕ್ಕೆ ಐದು ಅಂಕ ಇಟ್ಟಿದ್ದರು. ಅವಳಿಗೆ ಎರಡು ಅಂಕದಲ್ಲಿ ಕೆಲಸ ತಪ್ಪಿತು.

ಬಂದವನು ಬೇರೆ ಕಡೆಯವನು. ಒಳ್ಳೆಯವನೇ. ಮಾತ್ರೆ ಕೊಟ್ಟ, ನೀರು ಕೊಟ್ಟ, ಕಾರ್ಡಿನಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋದ. ಕೆನ್ನೆಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಆಗ ಕೇರಿಯ ಒಬ್ಬ ಮುದುಕನಿಗೆ ಹೊಸದಾಗಿ ಕ್ಷಯ ಬಂದಿತ್ತು. ಎರಡು ತಿಂಗಳು ಅವನು ಉಗುಳುತ್ತಲೇ ಇದ್ದ. ಒಂದು ದಿನ ಕೆಮ್ಮಿದಾಗ ರಕ್ತ ಬಿತ್ತು.

ಅವನ ಸೊಸೆ ಈ ಹುಡುಗಿಯ ಮನೆಗೆ ಓಡಿಬಂದಳು. “ಅಕ್ಕಾ, ಮಾವ ಒಂದನ್ನೂ ನುಂಗಿಲ್ಲ. ಚಾಪೆ ಎತ್ತಿದರೆ ಅಷ್ಟೂ ಮಾತ್ರೆ ಅಲ್ಲೇ ಇವೆ.”

ಹುಡುಗಿ ಮುದುಕನನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದಲೇ ಅಧಿಕಾರಿಯ ಬಳಿಗೆ ಹೋದಳು.

“ಸರ್, ನಮ್ಮ ಕೇರಿಯವರು ಮಾತ್ರೆಯನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ. ನೀರು ಕುಡಿಸಿದ ಮೇಲೆ ಮಾತನಾಡಿಸಬೇಕು.”

“ಅದು ನಿಮಗೆ ಹೇಗಮ್ಮ ಗೊತ್ತು?”

“ಆರು ತಿಂಗಳು ನಾನೇ ನುಂಗಿಸಿದ್ದೇನೆ ಸರ್. ಹತ್ತೊಂಬತ್ತು ಜನಕ್ಕೆ.”

ಅಧಿಕಾರಿ ಕಡತದಿಂದ ಅವಳ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲ ಅಂತ ನೀವೇ ಬರೆದಿದ್ದೀರಲ್ಲ. ಕೆಳಗಿರುವ ಸಹಿ ನಿಮ್ಮದೇ ತಾನೆ?”

“ನನ್ನನ್ನು ನಾನೇ ಹೊಗಳಿಕೊಳ್ಳಲು ಮನಸ್ಸು ಬರಲಿಲ್ಲ.”

“ಹೊಗಳಿಕೊಳ್ಳಿ ಅಂತ ಇಲಾಖೆ ಎಲ್ಲಿ ಕೇಳಿತ್ತು? ಎಲ್ಲಿ, ಎಷ್ಟು ದಿನ ಅಂತ ಕೇಳಿತ್ತು. ಅಷ್ಟು ಬರೆದಿದ್ದರೆ ನಿಮ್ಮನ್ನೇ ಅಲ್ಲಿಗೆ ಕಳಿಸುತ್ತಿದ್ದೆ. ಆ ಮುದುಕರು ಆಸ್ಪತ್ರೆಯಲ್ಲಿ ಇರುತ್ತಿರಲಿಲ್ಲ.”



ಮರುದಿನದಿಂದ ಅವಳು ಹೊಸ ಕಾರ್ಯಕರ್ತನ ಜೊತೆ ಕೇರಿ ಸುತ್ತಿದಳು. ತಾನು ಕಲಿತದ್ದನ್ನೆಲ್ಲ ಅವನಿಗೆ ತೋರಿಸಿಕೊಟ್ಟಳು. ಮುದುಕ ಮನೆಗೆ ಬಂದ ಮೇಲೆ ಅವನ ಎದುರು ಕುಳಿತು ಮೊದಲಿನಿಂದ ಮಾತ್ರೆ ನುಂಗಿಸಿದಳು.

“ಮನೆಯವರ ಹೆಸರೆಲ್ಲ ಮುಗೀತು ಕಣವ್ವ. ಇನ್ನು ಮೇಕೆ ಹೆಸರು ಹೇಳಲಾ?”

“ಮೇಕೆಯೂ ಮನೆಯದೇ ತಾತ, ಹೇಳಿ.”

ಮುದುಕ ಗುಣವಾದ.

ಮುಂದಿನ ವರ್ಷ ಪಕ್ಕದ ಎರಡು ಕ್ವಾರಿಗಳಿಗೂ ಸೇರಿಸಿ ಮತ್ತೊಂದು ಹುದ್ದೆಗೆ ಕರೆದರು. ಅವಳು ಪಟದ ಹಿಂದಿನ ಪ್ರಮಾಣಪತ್ರ ತೆಗೆದಳು. ಯಾವ ಕೇಂದ್ರ, ಎಷ್ಟು ತಿಂಗಳು, ಎಷ್ಟು ರೋಗಿಗಳು, ಎಷ್ಟು ಜನ ಗುಣವಾದರು ಎಂದು ಬರೆದಳು. ಇದ್ದದ್ದಕ್ಕಿಂತ ಒಂದನ್ನೂ ಹೆಚ್ಚು ಬರೆಯಲಿಲ್ಲ, ಒಂದನ್ನೂ ಕಡಿಮೆ ಬರೆಯಲಿಲ್ಲ.

ಆಯ್ಕೆ ಪಟ್ಟಿ ಕಚೇರಿಯ ಗೋಡೆಗೆ ಬಂದ ದಿನ ಕಲ್ಲುಕುಟಿಗರು ಕೆಲಸ ಬಿಟ್ಟು ನೋಡಲು ಹೋದರು. ಅವಳ ಹೆಸರು ಮೊದಲಿತ್ತು. ಓದಲು ಬಾರದವರು ಅದು ಯಾವ ಸಾಲು ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದರು. ಮುದುಕ ಕಚೇರಿಯ ಜವಾನನನ್ನು ಹಿಡಿದು ನಿಲ್ಲಿಸಿ, “ಇವಳ ಎದುರು ಕೂತು ಮಾತ್ರೆ ನುಂಗಿದವನು ನಾನೇ ಕಣಪ್ಪ” ಎಂದ. ತಾನೇ ಪಾಸಾದವನಂತೆ ಹೇಳಿದ. ಅವಳು ಅವರೆಲ್ಲರ ನಡುವೆ ತಲೆ ಎತ್ತಿ ನಿಂತಳು.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಆದರೆ ಬುದ್ಧಿ, ಅವಳು ತಲೆ ಎತ್ತಿ ನಿಂತಳಲ್ಲ. ಗುಣ ಮಾಡಿದವನು ದೇವರು ತಾನೆ?”

ಗುರುಗಳು ಅರ್ಜಿಯನ್ನು ಅವನ ಕಡೆಗೆ ಸರಿಸಿದರು. “ಹೌದು, ಗುಣ ಮಾಡಿದವನು ದೇವರೇ. ಅವನು ಮಾಡಿದ್ದನ್ನು ‘ಇಲ್ಲ’ ಎಂದು ಬರೆದು ಸಹಿ ಹಾಕಲು ನೀನು ಯಾರು?”

ಗುರುಶಾಂತ ಪೆನ್ನು ತೆಗೆದು ಖಾಲಿ ಜಾಗದಲ್ಲಿ ತನ್ನ ನಾಲ್ಕು ತಿಂಗಳ ಕೆಲಸವನ್ನು ಇದ್ದಂತೆ ಬರೆದ.

ಇದನ್ನು ಕೇಳಿದ ನಿಮ್ಮೆಲ್ಲರ ಮನೆಗಳಲ್ಲಿ ರೋಗ ಕಾಲಿಡದಿರಲಿ. ಮಾಡಿದ ಒಳ್ಳೆಯದನ್ನು ಇದ್ದಂತೆ ಹೇಳುವ ಧೈರ್ಯವನ್ನು ಶಿವನು ನಿಮಗೂ ನಿಮ್ಮ ಮಕ್ಕಳಿಗೂ ಕೊಡಲಿ.