ತೆನೆ ಹಬ್ಬಕ್ಕೆ ಮೊದಲು

“ರೋಗಿಗೆ ಸುಳ್ಳು ಹೇಳಬಾರದು ಎನ್ನುತ್ತೀರಿ, ಫಾದರ್. ಸುಳ್ಳು ಹೇಳದೆ, ನಿಜವನ್ನೂ ಬಿಟ್ಟುಕೊಡದೆ ಇದ್ದರೆ ಅದೂ ತಪ್ಪೇ?” ಎಂದು ಕ್ಲೋಟಿಲ್ಡಾ ಕೇಳಿದಳು. ಅವಳು ಹೊಸದಾಗಿ ಡಾಕ್ಟರಾದವಳು. ಆ ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬ ಮುದುಕಿ ಅವಳ ಕೈ ಹಿಡಿದು, ತಾನು ಉಳಿಯುತ್ತೇನೆಯೇ ಎಂದು ಕೇಳಿದ್ದಳು. ಸಂಜೆ ಹೇಳುತ್ತೇನೆಂದು ಕ್ಲೋಟಿಲ್ಡಾ ಕೈ ಬಿಡಿಸಿಕೊಂಡು ಬಂದಿದ್ದಳು.

ಅವಳಿಗೆ ಪಾಠ ಹೇಳಿದ್ದ ಫಾದರ್ ಬೊನವೆಂಚರ್ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ದೈವಭಕ್ತ. ಭಾನುವಾರದ ಪೂಜೆ ತಪ್ಪಿಸಿದವನಲ್ಲ. ಸುಳ್ಳಿನ ವಿಷಯದಲ್ಲಂತೂ ಮಹಾ ಮಡಿವಂತ. ಅವನ ಆಸ್ಪತ್ರೆಗೆ ಒಬ್ಬ ವರ್ತಕ ಬಂದು ಮಲಗಿದ. ಹೊಟ್ಟೆಯೊಳಗಿನ ಗಡ್ಡೆ ಕೈಮೀರಿತ್ತು. ಇನ್ನು ಕೆಲವೇ ವಾರಗಳ ಮಾತು. ತಂದೆಗೆ ತಿಳಿಸಬೇಡಿ, ಎದೆ ಒಡೆದೇ ಸಾಯುತ್ತಾರೆ ಎಂದು ಮಕ್ಕಳು ವೈದ್ಯನನ್ನು ಬೇಡಿಕೊಂಡರು. ಪಾದ್ರಿಯನ್ನೂ ಕರೆಸಲಿಲ್ಲ. ಪಾದ್ರಿ ಪವಿತ್ರ ತೈಲ ಹಿಡಿದು ಬಾಗಿಲಲ್ಲಿ ಕಂಡರೆ ಸಾವೇ ಬಂದಂತೆ ಎಂದು ಆ ಊರಿನವರ ಭಯ. ತೈಲ ಹಚ್ಚುವುದು ರೋಗಿಗೆ ಬಲ ಬರಲೆಂದು ಎಷ್ಟು ಸಲ ಹೇಳಿದರೂ ಯಾರ ಕಿವಿಗೂ ಹೋಗುತ್ತಿರಲಿಲ್ಲ.

ಒಂದು ದಿನ ವರ್ತಕ ನೇರವಾಗಿ ಕೇಳಿದ: “ಡಾಕ್ಟರೇ, ನಾನು ಏಳುತ್ತೇನೆಯೇ?”

ವೈದ್ಯ ಸ್ವಲ್ಪ ಯೋಚಿಸಿ, “ಎಲ್ಲವೂ ದೇವರ ಕೈಯಲ್ಲಿದೆ” ಎಂದ.

ಹಾವೂ ಸಾಯದ, ಕೋಲೂ ಮುರಿಯದ ಮಾತು. ಅದರಲ್ಲಿ ಸುಳ್ಳಿಲ್ಲ, ಮೇಲಾಗಿ ಭಕ್ತಿಯೂ ಇದೆ. ವೈದ್ಯನಿಗೆ ಸಮಾಧಾನವಾಯಿತು. ವರ್ತಕನಿಗೆ ಇನ್ನೂ ಹೆಚ್ಚು. ಇಂಥ ವೈದ್ಯ ದೇವರ ಹೆಸರೆತ್ತಿ ಹೇಳಿದ ಮೇಲೆ ತಾನು ಏಳುವುದು ಖಂಡಿತ ಎಂದುಕೊಂಡ. ತಮ್ಮನೊಡನೆ ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ತಪ್ಪು ತನ್ನದೇ ಎಂಬುದೂ ಅವನಿಗೆ ಗೊತ್ತಿತ್ತು. ಈ ಸಲದ ತೆನೆ ಹಬ್ಬಕ್ಕೆ, ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿ ಕೊಡುವ ತೆನೆಯನ್ನು ತಾನೇ ಹಿಡಿದುಕೊಂಡು ತಮ್ಮನ ಮನೆ ಮೆಟ್ಟಿಲು ಹತ್ತುತ್ತೇನೆ, ಹೊಸ ಅಕ್ಕಿಯ ಊಟ ಅಲ್ಲೇ ಮಾಡುತ್ತೇನೆ ಎಂದು ವೈದ್ಯನ ಎದುರೇ ಹೇಳಿದ. ಹಬ್ಬದವರೆಗೆ ಕಾಯಬೇಡಿ ಎಂಬ ಮಾತು ವೈದ್ಯನ ಗಂಟಲಿಗೆ ಬಂತು. ಅದನ್ನು ನುಂಗಿಕೊಂಡ.

ಹಬ್ಬ ಇನ್ನೂ ದೂರವಿರುವಾಗಲೇ ವರ್ತಕನ ಮಾತು ನಿಂತಿತು, ಎಚ್ಚರ ತಪ್ಪಿತು. ಆಗ ಎಲ್ಲರಿಗೂ ಅವಸರ. ಪಾದ್ರಿ ಬಂದು ಹಣೆಗೆ ತೈಲ ಹಚ್ಚಿದರು. ಪಾಪನಿವೇದನೆ ಮಾಡಬೇಕಾದವನಿಗೆ ನಾಲಗೆಯೇ ಏಳಲಿಲ್ಲ. ತಮ್ಮ ಓಡಿ ಬಂದ. ಅಣ್ಣನ ಕೈ ಹಿಡಿದು ಮತ್ತೆ ಮತ್ತೆ ಕರೆದ. ಆ ಕೈ ಇವನ ಕೈಯನ್ನು ಹಿಡಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಣ್ಣ ಹಬ್ಬಕ್ಕೆ ನಿಮ್ಮ ಮನೆಗೆ ಬರುವವರಿದ್ದರು ಎಂದು ವೈದ್ಯ ತಮ್ಮನಿಗೆ ತಿಳಿಸಿದ. ತಮ್ಮ ತಲೆಯೆತ್ತಿ, “ಹಬ್ಬದವರೆಗೆ ಇರುವುದಿಲ್ಲ ಅಂತ ಅಣ್ಣನಿಗೆ ಯಾರೂ ಹೇಳಲಿಲ್ಲವಾ?” ಎಂದು ಕೇಳಿದ.

ವೈದ್ಯ ಎದ್ದು ಜಗಲಿಗೆ ಬಂದ. ಪಾದ್ರಿ ಅಲ್ಲಿ ನಿಂತಿದ್ದರು. ತಾನು ಒಂದು ಸುಳ್ಳನ್ನೂ ಹೇಳಿಲ್ಲ, ಎಲ್ಲವೂ ದೇವರ ಕೈಯಲ್ಲಿದೆ ಎಂಬ ನಿಜವನ್ನೇ ಹೇಳಿದ್ದೇನೆ ಎಂದು ಅವರಿಗೆ ಹೇಳಿದ.

ಫಾದರ್ ಬೊನವೆಂಚರ್ ಅಲ್ಲಿಗೇ ನಿಲ್ಲಿಸಿದರು. ಹೊರಗೆ ಸಂಜೆಯಾಗುತ್ತಾ ಬಂದಿತ್ತು. ಪಾದ್ರಿ ಏನೆಂದರು ಎಂದು ಕ್ಲೋಟಿಲ್ಡಾ ಕೇಳಿದಳು.

“‘ಅವನ ಪ್ರಾಣ ದೇವರ ಕೈಯಲ್ಲಿತ್ತು, ಅವನಿಗೆ ಬೇಕಾಗಿದ್ದ ಮಾತು ನಿನ್ನ ಬಾಯಲ್ಲಿತ್ತು’ ಎಂದರು, ಮಗಳೇ.”

ಕ್ಲೋಟಿಲ್ಡಾ ಎದ್ದು ವಾರ್ಡಿಗೆ, ಆ ಮುದುಕಿಯ ಹಾಸಿಗೆಯತ್ತ ನಡೆದಳು.