ಬೈಲಕೋಡಿಯ ನೆರಳುಗಲ್ಲು

ಬೈಲಕೋಡಿ ಬಂದರಿನಲ್ಲಿ ಇಂದು ಹೊಳೆಯನ್ನು ನೋಡಬೇಕೆಂದರೆ ಯಾರದಾದರೂ ಗೇಟು ದಾಟಬೇಕು. ಮಂಜುಗಡ್ಡೆಯ ಕಾರ್ಖಾನೆ, ವಸತಿಗೃಹಗಳು, ಎತ್ತರದ ಆವರಣಗಳು ದಂಡೆಯುದ್ದಕ್ಕೂ ಒತ್ತಿಕೊಂಡು ನಿಂತಿವೆ. ಕಟ್ಟಡ ಎಷ್ಟು ಎತ್ತರವಿರಬೇಕು, ನೀರಿನಿಂದ ಎಷ್ಟು ದೂರವಿರಬೇಕು ಎಂದು ಹೇಳುವ ಫಲಕವೂ ಇದೆ. ಅದರ ಮುಂದೆ ಸ್ಕೂಟರುಗಳು ನಿಂತಿರುವುದರಿಂದ ಓದುವುದು ಕಷ್ಟ. ಈ ಸಾಲಿನಲ್ಲಿ ಒಂದು ಕಡೆ ಮಾತ್ರ ಗೋಡೆಯಿಲ್ಲ. ಅಲ್ಲಿರುವುದು ಮೀನು ಒಣಗಿಸುವ ಬಯಲು, ಬಯಲಿನ ತೆಂಕಣ ಅಂಚಿನಲ್ಲಿ ಸೊಂಟದೆತ್ತರದ ಕರಿಗಲ್ಲು, ಅದರ ಹಿಂದೆ ಒಂದು ಹಳೆಯ ಹಂಚಿನ ಮನೆ. ಕಲ್ಲಿನ ಮೇಲೆ ಅಕ್ಷರವಿಲ್ಲ, ಕುಂಕುಮವಿಲ್ಲ. ಊರವರು ಅದನ್ನು ನೆರಳುಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಹಾಯಿಯ ಹಡಗುಗಳು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಸಂಕಯ್ಯ ಹೆಗ್ಡೆ ಎಂಬವನು ಈ ಬಂದರಿನ ಪಾರುಪತ್ಯಗಾರನಾಗಿದ್ದ. ವರ್ತಕರ ಉಗ್ರಾಣಗಳು ವರ್ಷದಿಂದ ವರ್ಷಕ್ಕೆ ನೀರಿನತ್ತ ಸರಿಯುತ್ತಿದ್ದವು. ಮೀನು ಒಣಗಿಸುವ ಹೆಂಗಸರಿಗೆ ಚಾಪೆ ಹಾಸಲು ಜಾಗ ಉಳಿಯುತ್ತಿರಲಿಲ್ಲ. ಸಂಕಯ್ಯ ಆ ಕಲ್ಲನ್ನು ನೆಡಿಸಿ ಕಟ್ಟಳೆ ಮಾಡಿದ. ಕಲ್ಲಿನಾಚೆಗೆ ಯಾರ ಗೋಡೆಯೂ ಬರಕೂಡದು, ಮೀನು ಒಣಗುವ ತಿಂಗಳುಗಳಲ್ಲಿ ನಡುಹಗಲಿನ ನೆರಳೂ ದಾಟಕೂಡದು. ನೆರಳು ದಾಟಿದ್ದಕ್ಕೆ ದೂಮ ಶೆಟ್ಟಿಯ ಉಗ್ರಾಣದ ಮಾಳಿಗೆಯನ್ನು ಅವನು ಇಳಿಸಿದ್ದೂ ಉಂಟು. ಆಮೇಲೆ ಕಲ್ಲನ್ನು ಯಾರೂ ಕೆಣಕಲಿಲ್ಲ.

ಸಂಕಯ್ಯನ ಹೆಂಡತಿ ಪದುಮಕ್ಕ ಹೊಳೆಯ ನಡುವಿನ ಕುದ್ರುವಿನಲ್ಲಿ ಹುಟ್ಟಿದವಳು. ಅವಳ ಕಾಲುಗಳ ಬಲ ಹೋಯಿತು. ಪಂಡಿತರ ಎಣ್ಣೆ, ಕಷಾಯ ಯಾವುದೂ ಹಿಡಿಯಲಿಲ್ಲ. ಒಳಕೋಣೆಯಲ್ಲಿ ಮಲಗಿದವಳು ಬೇರೇನನ್ನೂ ಕೇಳಲಿಲ್ಲ, ತವರಿನ ದ್ವೀಪವನ್ನು ಕಣ್ಣಿಂದ ನೋಡಬೇಕು ಎಂದಳು. ಕೆಳಗಿನಿಂದ ನೋಡಿದರೆ ಮನೆಗೂ ಕಲ್ಲಿಗೂ ನಡುವಿನ ಚಪ್ಪರ, ಮಗುಚಿಟ್ಟ ದೋಣಿಗಳ ಬೆನ್ನು ಅಡ್ಡ. ಪಾರುಪತ್ಯಗಾರನ ಮನೆಯ ಹೆಂಗಸು ಮೀನಿನ ಬಯಲಿಗೆ ಇಳಿಯುವ ಪದ್ಧತಿಯೂ ಇರಲಿಲ್ಲ. ಆದ್ದರಿಂದ ಅವನು ಕಲ್ಲಿನ ಹಿಂದಿನ ತನ್ನ ಮನೆಯ ಮೇಲೆ ಮಾಳಿಗೆ ಎತ್ತಿಸಿ, ಬಡಗಣ ಗೋಡೆಗೆ ದೊಡ್ಡ ಕಿಟಕಿ ಇಡಿಸಿದ. ಕೆಲಸ ಮುಗಿದದ್ದು ವೈಶಾಖದಲ್ಲಿ. ನಡುಹಗಲು ಅವನು ಕಲ್ಲಿನ ಬಳಿ ನಿಂತು ನೋಡಿದಾಗ ನೆರಳು ಗೋಡೆಯ ಬುಡದಲ್ಲೇ ಮುದುಡಿಕೊಂಡಿತ್ತು. ಚಳಿಗಾಲದಲ್ಲಿ ಸೂರ್ಯ ತೆಂಕಕ್ಕೆ ವಾಲುತ್ತಾನೆಂದು ಅವನಿಗೆ ತಿಳಿಯದ್ದೇನಲ್ಲ. ಅಂದು ಅದನ್ನು ನೆನೆಯಲು ಅವನ ಮನಸ್ಸು ಒಪ್ಪಲಿಲ್ಲ, ಅಷ್ಟೆ.

ಪದುಮಕ್ಕ ಕಿಟಕಿಯಲ್ಲಿ ಕೂತು ಆ ಮಳೆಗಾಲದ ನೆರೆಯನ್ನು ನೋಡಿದಳು, ಕುದ್ರುವಿನಲ್ಲಿ ತಮ್ಮನ ಮನೆಯ ದೀಪ ನೋಡಿದಳು. ಅವಳ ಮುಖಕ್ಕೆ ಕಳೆ ಬಂತು. ಮಾರ್ಗಶಿರದಲ್ಲಿ ಸಂಕಯ್ಯ ಬೇರೊಂದನ್ನು ಕಂಡ. ಚಾಪೆಗಳು ಕಲ್ಲಿನಿಂದ ದೂರ ಸರಿದು ನೀರಿನ ಅಂಚಿಗೆ ಹೋಗಿದ್ದವು. ಹುಣ್ಣಿಮೆಯ ಉಬ್ಬರ ಬಂದಾಗ ಅವುಗಳಲ್ಲಿ ಕೆಲವು ಮೀನಿನ ಸಮೇತ ಹೊಳೆಯ ಪಾಲಾದವು. ಅವನು ಬಯಲಿಗೆ ಇಳಿದು, ಹೆಂಗಸರಲ್ಲಿ ಹಿರಿಯಳಾದ ಸೇಸಿಯ ಮುಂದೆ ನಿಂತ.

"ಚಾಪೆ ಯಾಕೆ ಅಷ್ಟು ಆಚೆ ಹೋಯಿತು, ಸೇಸಿ?"

"ಇಲ್ಲಿ ನಿಮ್ಮ ದಯೆ ತಂಪಾಗಿ ಬಿದ್ದಿದೆ, ಒಡೆಯರೆ. ನಮಗೆ ಹಿತವೇ. ಮೀನಿಗೆ ಹುಳ ಬೀಳ್ತದೆ."

"ಹೇಳಬಾರದಿತ್ತೆ?"

"ಶೆಟ್ಟರ ಮಾಳಿಗೆಯಾಗಿದ್ರೆ ನಿಮಗೆ ಹೇಳ್ತಿದ್ದೆವು. ನಿಮ್ಮದನ್ನು ಯಾರಿಗೆ ಹೇಳುದು?" ಸೇಸಿ ಮೀನು ಮಗುಚುತ್ತಲೇ ಇದ್ದಳು. ಆಮೇಲೆ ದನಿ ತಗ್ಗಿಸಿದಳು. "ಅಮ್ಮ ಕಿಟಕಿಯಲ್ಲಿ ಕೂತದ್ದು ನಮಗೂ ಕಾಣ್ತದೆ. ನಾಲ್ಕು ಚಾಪೆ ಹೋದ್ರೆ ಹೋಗ್ಲಿ ಅಂತ ಮಾಡಿದೆವು."

ಸಂಕಯ್ಯ ಕಲ್ಲನ್ನು ನೋಡಿದ. ಅವನ ಮನೆಯ ನೆರಳು ಅದನ್ನು ಪೂರ್ತಿ ಮುಚ್ಚಿ ಬಯಲಿನೊಳಗೆ ಚಾಚಿಕೊಂಡಿತ್ತು. ಮನೆಗೆ ಬಂದು ಮಾಳಿಗೆ ಹತ್ತಿ ಹೆಂಡತಿಯ ಬಳಿ ನಿಂತ. ಅವಳೇ ಮಾತು ತೆಗೆದಳು.

"ಸೇಸಿ ಹೇಳಿದಳೋ? ನಾನು ದಿನಾ ನೋಡುತ್ತಿದ್ದೇನೆ, ನೆರಳು ಕಲ್ಲು ದಾಟುವುದನ್ನು. ನೀವಾಗಿ ನೋಡಲಿ ಎಂದು ಕಾದೆ. ಇಳಿಸಿಬಿಡಿ."

"ಇಳಿಸಿದರೆ ಕುದ್ರು ಕಾಣುವುದಿಲ್ಲ, ಪದುಮ."

"ಕಾಣುವ ಕಡೆಗೆ, ಆ ಕಲ್ಲಿನ ಬುಡಕ್ಕೆ ಹೊತ್ತುಕೊಂಡು ಹೋಗಿ. ನಾನು ಅಲ್ಲಿ ಕೂರಬಾರದೆಂದು ನಿಮ್ಮ ಕಟ್ಟಳೆಯಲ್ಲಿ ಇದೆಯೆ?"

ಮರುದಿನ ಮೊದಲ ಹಂಚನ್ನು ಅವನೇ ಕಿತ್ತನಂತೆ. ಆ ಸಂಜೆ ಹೆಂಡತಿಯನ್ನು ಎತ್ತಿಕೊಂಡು, ಊರೆಲ್ಲ ನೋಡುತ್ತಿದ್ದಂತೆ, ಮೀನಿನ ಬಯಲಿಗೆ ನಡೆದ. ಸೇಸಿ ಕಲ್ಲಿನ ಬುಡದ ಚಾಪೆಯನ್ನು ಝಾಡಿಸಿ ಹಾಸಿದಳು. "ವಾಸನೆ ಉಂಟು, ಅಮ್ಮ," ಎಂದಳು. "ಕುದ್ರುವಿನಲ್ಲಿ ಹುಟ್ಟಿದವಳಿಗೆ ಹೇಳುತ್ತೀಯಾ?" ಎಂದು ಪದುಮಕ್ಕ ಕಲ್ಲಿಗೆ ಒರಗಿ ಕೂತಳು. ಅಲ್ಲಿಂದ ಮುಂದೆ ದಿನವೂ ಅವಳು ಬಂದಳು. ಮುಂದಿನ ಮಳೆಗಾಲವನ್ನು ಅವಳು ಕಾಣಲಿಲ್ಲ. ದೀಪಾವಳಿ ಕಳೆದು ಮತ್ತೆ ಚಾಪೆಗಳು ಹರಡಿದಾಗ ಕಲ್ಲಿನ ಬುಡದಲ್ಲಿ ಒಂದು ಚಾಪೆಯಷ್ಟು ಜಾಗವನ್ನು ಹೆಂಗಸರು ಖಾಲಿ ಬಿಟ್ಟರು. ಹಾಗೆ ಬಿಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಂಕಯ್ಯ ಸಂಜೆ ಬಂದು ಅಲ್ಲಿ ಕೂರುತ್ತಿದ್ದ.

ಆ ಮನೆಯ ಬಡಗಣ ಗೋಡೆಯ ತಲೆಯಲ್ಲಿ ಮಾಳಿಗೆಯ ತೊಲೆಗಳು ಕೂತಿದ್ದ ತೂತುಗಳು ಇಂದಿಗೂ ಹಾಗೇ ಇವೆ. ಗುಬ್ಬಿಗಳು ಗೂಡು ಕಟ್ಟುತ್ತವೆ. ಪುಷ್ಯಮಾಸದ ನಡುಹಗಲು ಹೋದವರು ಹಂಚಿನ ಮಾಡಿನ ನೆರಳು ಕಲ್ಲಿನ ಬುಡದವರೆಗೆ ಬಂದು ನಿಲ್ಲುವುದನ್ನು ನೋಡಬಹುದು. ಬಯಲು ತುಂಬ ಮೀನು ಹರಡಿದ್ದರೂ ಕಲ್ಲಿಗೆ ತಾಗಿ ಒಂದು ಚಾಪೆಯ ಜಾಗ ಬರಿದಾಗಿರುತ್ತದೆ. ಅಲ್ಲಿ ಕೂತರೆ ಎದುರಿಗೆ ಹೊಳೆ, ಹೊಳೆಯಲ್ಲಿ ಕುದ್ರು. ನಡುವೆ ಏನೂ ಇಲ್ಲ. ಕೂತವರನ್ನು ಯಾರೂ ಏಳಿ ಎನ್ನುವುದಿಲ್ಲ.