ಗಂಟು ಬಿಚ್ಚದೆ ದೇಶ ಸುತ್ತಿದ ಮಾಳವ್ವ

ಮಲಕ್ಕೋ ಕೂಸೇ. ಹೊದ್ದುಕೋ. ಇದು ನಿಮ್ಮಜ್ಜಿ ಕತೆ. ಅವಳು ಹೇಳ್ತಿದ್ದ ಹಾಗೇ ಹೇಳ್ತೀನಿ. ತಪ್ಪಿದ್ರೆ ನೀನೇ ತಿದ್ದು. ಹೂಂ ಅಂತಿರಬೇಕು, ಹೂಂ ನಿಂತ್ರೆ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ದಾರಿಗಳಿಗೆಲ್ಲ ಇನ್ನೂ ಹೆಸರಿಟ್ಟಿರದ ಕಾಲದಲ್ಲಿ, ಒಂದು ದೊಡ್ಡ ದೇಶ ಇತ್ತಂತೆ. ಎಷ್ಟು ದೊಡ್ಡದು ಅಂದ್ರೆ ಈ ಕಡೆ ರಾಗಿ ಬಿತ್ತೋ ಹೊತ್ತಿಗೆ ಆ ಕಡೆ ಕಣ ಮಾಡ್ತಿದ್ರಂತೆ. ಒಂದು ಮೂಲೇಲಿ ಸಮುದ್ರ. ಒಂದು ಮೂಲೇಲಿ ಹಿಮದ ಬೆಟ್ಟ. ಒಂದು ಮೂಲೇಲಿ ಬರೀ ಮರಳು. ನಡುಮಧ್ಯೆ ಒಂದು ಕುರುಬರ ಹಟ್ಟಿ. ಆ ಹಟ್ಟೀಲಿ ಮಾಳವ್ವ ಅಂತ ಒಬ್ಬಳು ಇದ್ಲಂತೆ. ಗಂಡ ತೀರಿಕೊಂಡಿದ್ದ. ಮೂರು ಮಕ್ಕಳು. ದೊಡ್ಡವನು ಕರಿಯಣ್ಣ, ನಡುವಿನವನು ಜಕ್ಕಣ್ಣ, ಕೊನೆಯವಳು ಕೆಂಚಿ.

ಮಾಳವ್ವನಿಗೆ ಮೂರು ಜನ ತಂಗೇರಂತೆ. ಅವರಪ್ಪ ಬಲು ತಿರುಗಾಡಿ. ಮೂರು ಮೂಲೆಗೆ ಮೂರು ಹೆಣ್ಣು ಕೊಟ್ಟುಬಿಟ್ಟಿದ್ದ. ಬೊಮ್ಮಕ್ಕ ಸಮುದ್ರದ ಹತ್ರ, ದೇವೀರಿ ಬೆಟ್ಟದ ಕೆಳಗೆ, ಎಲ್ಲರಿಗಿಂತ ಸಣ್ಣವಳು ಸಣ್ಣೀರಿ ಮರಳಿನಾಚೆ. ಮದುವೆ ಆದಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲವಂತೆ. ಮೂವರಿಗೂ ಅಂತ ಮಾಳವ್ವ ಮೂರು ಕಂಬಳಿ ಅಟ್ಟದ ಮೇಲೆ ಮಡಿಸಿಟ್ಟಿದ್ಲು. ಉಣ್ಣೆ ನೂತಿದ್ದು ಅವಳು, ನೇಯ್ದಿದ್ದು ಗಂಡ. ಕೊಟ್ಟು ಬರೋಣ, ಕೊಟ್ಟು ಬರೋಣ ಅಂತಾನೇ ಅವನ ಕಾಲ ಮುಗಿದುಹೋಯ್ತು.

ಆಮೇಲೆ ಏನಾಯ್ತು, ಮಾಳವ್ವನ ಕಣ್ಣು ಮಸುಕಾಗೋಕೆ ಶುರುವಾಯ್ತಂತೆ. ನಾಟಿ ವೈದ್ಯ ಬಂದ, ರೆಪ್ಪೆ ಎತ್ತಿ ನೋಡಿದ, ತಾಯಿ, ಹೆಚ್ಚಂದ್ರೆ ಒಂದು ವರ್ಷ, ನೋಡಬೇಕಾದ್ದನ್ನ ಬೇಗ ನೋಡ್ಕೋ ಅಂದುಬಿಟ್ಟನಂತೆ. ಮಾಳವ್ವ ಅಳಲಿಲ್ಲ. ಎದ್ದು ಅಟ್ಟ ಹತ್ತಿದ್ಲು, ಕಂಬಳಿ ಇಳಿಸಿದ್ಲು, ಮಡಿಕೆಯಿಂದ ಒಂದು ದುಡ್ಡಿನ ಗಂಟು ತೆಗೆದ್ಲು, ಮಕ್ಕಳ ಮುಂದೆ ಇಟ್ಲು. ಗಂಟು ಸಣ್ಣದು. ಅಂಗೈ ಮುಚ್ಚಿದ್ರೆ ಕಾಣಿಸದು. ಇಷ್ಟರಲ್ಲಿ ನಂಗೆ ಈ ದೇಶ ಸುತ್ತಿಸಿ, ಕಣ್ಣು ಹೋಗೋದ್ರೊಳಗೆ ತಂಗೇರ ಮುಖ ನೋಡಬೇಕು, ಯಾರು ಕರ್ಕೊಂಡು ಹೋಗ್ತೀರಿ ಅಂದ್ಲಂತೆ.

ಹಟ್ಟಿಗೆ ಹಟ್ಟಿಯೇ ಎದ್ದು ನಿಂತಿತಂತೆ! ದೇಶ ಸುತ್ತೋದಾ! ಮಾಳವ್ವನ ಅಪ್ಪನ ಕಾಲ ಮುಗಿದಮೇಲೆ ಆ ಹಟ್ಟಿಯವರು ಯಾರೂ ಸಂತೆ ದಾಟಿ ಹೋದವರಲ್ಲ.

ಕರಿಯಣ್ಣ ಜಗಲಿ ಮೇಲೆ ಹುಣಸೆ ಬೀಜ ಸಾಲಾಗಿ ಇಟ್ಟ. ಒಂದು ಬೀಜ ಅಂದ್ರೆ ಒಂದು ದಿನದ ದಾರಿ. ನಾನು ಅವ್ವನ್ನ ಗಾಡೀಲಿ ರಾಣಿ ಹಾಗೆ ಕರ್ಕೊಂಡು ಹೋಗ್ತೀನಿ ಅಂದನಂತೆ. ಗಾಡಿಗೆ ಬಾಡಿಗೆ, ಎತ್ತಿಗೆ ಹುಲ್ಲು, ಗಾಡಿಯವನಿಗೆ ಊಟ, ಅವನ ಎಲೆಅಡಿಕೆ. ಲೆಕ್ಕ ಹಾಕಿದ್ರೆ ನಾಲ್ಕನೇ ಬೀಜಕ್ಕೇ ಗಂಟು ಖಾಲಿ. ಜಗಲಿ ಮೇಲೆ ಇನ್ನೂ ಮುನ್ನೂರು ಬೀಜ ಇದ್ವು.

ಜಕ್ಕಣ್ಣ ನಕ್ಕ. ಗಾಡಿ ಯಾಕೆ, ಕಾಲಿಲ್ವಾ? ಊಟಕ್ಕೂ ದುಡ್ಡು ಯಾಕೆ, ಬುತ್ತಿ ಕಟ್ಕೊಂಡು ಹೋಗೋದು ಅಂದನಂತೆ. ಮೂರು ದಿನ ರೊಟ್ಟಿ ತಟ್ಟಿಸಿದ, ಮೂರು ಮೂಟೆ ಕಟ್ಟಿದ, ಭಾರ ಸರಿಯಿದೆಯಾ ನೋಡ್ತೀನಿ ಅಂತ ಹೊತ್ಕೊಂಡು ಹಟ್ಟಿ ಸುತ್ತ ಒಂದು ಸುತ್ತು ಬಂದ. ಸುಸ್ತಾಯ್ತು, ಕೂತ, ಒಂದು ರೊಟ್ಟಿ ತಿಂದ. ಆಮೇಲೆ ಎರಡನೇ ಸುತ್ತು ಬಂದ, ಕೂತ, ಐದು ರೊಟ್ಟಿ ತಿಂದ. ಮೂರನೇ ಸುತ್ತಿಗೆ ಒಂದು ಮೂಟೆ ಹೊಟ್ಟೇಲೇ ಹೊತ್ಕೊಂಡು ಬಂದನಂತೆ. ಕೆಂಚಿ ಬಿಡ್ತಾಳಾ? ಏನ್ ಜಕ್ಕಣ್ಣಾ, ಸಮುದ್ರ ಬಂತಾ ಅಂದ್ಲಂತೆ.

ನೀನಾದ್ರೆ ಹೇಗೆ ಹೋಗ್ತಿದ್ದೆ ಹೇಳೇ ಅಂದನಂತೆ ಜಕ್ಕಣ್ಣ, ಉಸಿರು ಬಿಡ್ತಾ.

ಕೆಂಚಿ ಅವ್ವನ ಕಡೆ ತಿರುಗಿದ್ಲು. ಅವ್ವಾ, ತಾತ ಹೆಣ್ಣು ಕೊಡೋಕೆ ಅಷ್ಟು ದೂರ ಹೇಗೆ ಹೋದ?

ಹೇಗೆ ಹೋದ ಅಂದ್ರೆ? ಕುರಿ ಹಿಂದೆ ಹೋದ.

ದುಡ್ಡು?

ಕುರಿ ಇದ್ದೋರಿಗೆ ದುಡ್ಡು ಯಾಕೆ ಅಂದ್ಲು ಮಾಳವ್ವ. ಅಂದವಳು ಹಾಗೇ ಬಾಯಿ ಮೇಲೆ ಕೈ ಇಟ್ಕೊಂಡ್ಲಂತೆ.

ಅದೇ ಕೂಸೇ. ಕುರಿ ಮಂದೆ ಒಂದು ಹೊಲದಲ್ಲಿ ಮಲಗಿ ಎದ್ರೆ ಆ ಹೊಲಕ್ಕೆ ಗೊಬ್ಬರ. ಅದಕ್ಕೆ ರೈತರು ಕುರುಬರನ್ನ ಕರೆದು ಮಂದೆ ನಿಲ್ಲಿಸ್ಕೊತಾರೆ, ಕಾಳು ಕೊಡ್ತಾರೆ. ಮಲಗೋದಕ್ಕೆ ನಾವು ಕೊಡಬೇಕಾಗಿಲ್ಲ. ನಾವು ಮಲಗಿದ್ರೆ ಅವರೇ ಕೊಡ್ತಾರೆ. ಕರಿಯಣ್ಣ ಮಾತ್ರ ಒಪ್ಪಲಿಲ್ಲವಂತೆ. ಕುರಿ ಹಿಂದೆ ಹೋದ್ರೆ ದೇಶ ಎಲ್ಲಿ ನೋಡ್ತೀರಿ, ಕುರಿ ಬಾಲ ನೋಡ್ಕೊಂಡು ಬರ್ತೀರಿ ಅಂದನಂತೆ.

ಕೆಂಚಿ ಬೀಜಗಳನ್ನೆಲ್ಲ ಬಳಿದು ಹೊಸದಾಗಿ ಇಟ್ಲಂತೆ. ಸುಗ್ಗಿ ಮುಗಿದ ಕೂಡಲೇ ಸಮುದ್ರದ ಕಡೆ, ಆಗ ಹೊಲ ಖಾಲಿ, ಮಂದೆಗೆ ಕರೆಯೋರು ಬೇಕಾದಷ್ಟು. ಬೇಸಿಗೇಲಿ ಬೆಟ್ಟ, ಆಗ ಹಿಮ ಕರಗಿ ಹುಲ್ಲು ಬರುತ್ತೆ. ಮರಳು ಕೊನೇಗೆ, ಚಳಿಗಾಲಕ್ಕೆ. ಸರಿಯಾಗಿ ಒಂದು ವರ್ಷ.

ಮಾಳವ್ವ ಮೆಲ್ಲಗೆ ಕೇಳಿದ್ಲಂತೆ, ಸಣ್ಣೀರೀನ ಮೊದಲು ನೋಡೋಕಾಗಲ್ವೇನೇ? ಅವಳನ್ನ ನಾನೇ ಸೊಂಟದ ಮೇಲೆ ಹೊತ್ತು ಸಾಕಿದ್ದು.

ಈಗ ಹೋದ್ರೆ ಮರಳಲ್ಲಿ ಕುರಿ ಸಾಯ್ತವವ್ವ ಅಂದ್ಲು ಕೆಂಚಿ.

ಸರಿ ಬಿಡು ಅಂದ್ಲು ಮಾಳವ್ವ.

ಆಮೇಲೆ ಹೊರಟ್ರಂತೆ! ಮುಂದೆ ಕುರಿ, ನಡುವೆ ನಾಲ್ಕು ಮೇಕೆ, ಹಿಂದೆ ಅವ್ವ ಮಗಳು, ಹೆಗಲ ಮೇಲೆ ಮೂರು ಕಂಬಳಿ, ಸೊಂಟದಲ್ಲಿ ಗಂಟು. ಎಷ್ಟು ಕುರಿ ಅಂತ ಕೇಳಬೇಡ. ಕುರಿ ಎಣಿಸಬಾರದು. ಎಣಿಸಿದ್ರೆ ದೃಷ್ಟಿಯಾಗುತ್ತೆ ಅಂತ ಅವರ ಹಟ್ಟೀಲಿ ಯಾರೂ ಎಣಿಸ್ತಿರಲಿಲ್ಲ. ಹೆಸರಿಂದ ಗುರುತು. ಬೊಟ್ಟಿ, ಕರೇಕಿವಿ, ಕುಂಟಿ, ಜಗಳಗಂಟಿ. ಇಲ್ಲಿ ನಿಮ್ಮಜ್ಜಿ ಕುರಿ ಕೂಗು ಕೂಗ್ತಿದ್ಲು. ನಂಗೆ ಬರಲ್ಲ. ನೀನೇ ಕೂಗು. ಹಾಂ, ಅದೇ.

ದಾರೀಲಿ ಏನು ಮರ್ಯಾದೆ ಅಂತೀಯ! ಒಬ್ಬ ರೈತ ರಾಗಿ ಕೊಟ್ಟ, ಒಬ್ಬ ಬೆಲ್ಲ ಕೊಟ್ಟ. ಇನ್ನಿಬ್ಬರು ಬದುವಿನ ಮೇಲೆ ನಿಂತು ಜಗಳಾನೇ ಆಡಿದ್ರಂತೆ. ಮಂದೆ ಇವತ್ತು ನನ್ನ ಹೊಲಕ್ಕೆ ಅಂತ ಇವನು, ಕರೆದವನು ನಾನು ಅಂತ ಅವನು. ಜಗಳ ಬೇಡ್ರಪ್ಪಾ, ಇವತ್ತು ಅವನಿಗೆ, ನಾಳೆ ನಿನಗೆ ಅಂತ ಮಾಳವ್ವ ಅವರ ಜಗಳ ಬಿಡಿಸಿ ಎರಡು ದಿನ ಪಾಯಸ ಉಂಡ್ಲಂತೆ.

ಹಾಗೇ ಹೋಗ್ತಾ ಹೋಗ್ತಾ ಒಂದು ದಿನ ದಿಬ್ಬ ಹತ್ತಿದ್ರೆ, ಎದುರಿಗೆ ಸಮುದ್ರ! ಮಾಳವ್ವ ಹಾಗೇ ನಿಂತುಬಿಟ್ಲು. ಕೆಂಚಿ, ಇಷ್ಟು ವರ್ಷ ಸುರಿದ ಮಳೆಯೆಲ್ಲ ಇಲ್ಲಿ ಬಂದು ಮಲಗಿದೆ ಕಣೇ ಅಂದ್ಲಂತೆ. ಬೊಮ್ಮಕ್ಕ ಮೀನು ಬುಟ್ಟಿ ಕೆಳಗೆ ಹಾಕಿ ಓಡಿ ಬಂದ್ಲು. ಅಕ್ಕಾ, ಮುದುಕಿ ಆಗಿಬಿಟ್ಟಿದ್ದೀಯಲ್ಲೇ!

ನೀನೇನು ಮದುವೆ ಹೆಣ್ಣಾ? ತಲೆ ನೋಡ್ಕೋ, ಹತ್ತಿ ಕಾಯಿ ಒಡೆದ ಹಾಗಿದೆ.

ಇಬ್ಬರೂ ನಕ್ಕು ನಕ್ಕು ಮರಳ ಮೇಲೇ ಕೂತುಬಿಟ್ರಂತೆ. ಒಂದು ಕಂಬಳಿ ಕೊಟ್ಟಾಯ್ತು.

ಆಮೇಲೆ ಬೆಟ್ಟ. ಬೆಟ್ಟದ ಬಾಗಿಲಲ್ಲಿ ಒಂದು ಸುಂಕದ ಕಟ್ಟೆ. ಸುಂಕದವನು ಕೋಲು ಅಡ್ಡ ಹಿಡಿದ. ಒಂದು ಕುರಿಗೆ ಒಂದು ಕಾಸು, ಎಷ್ಟು ಕುರಿ ಇದೆ ಎಣಿಸಿ ಹೇಳು ಅಂದನಂತೆ. ಕೆಂಚಿ ಲೆಕ್ಕದಲ್ಲಿ ಸುಂಕ ಸೇರಿರಲಿಲ್ಲ. ಗಂಟು ಬಿಚ್ಚಿದ್ರೆ ಅಲ್ಲೇ ಮುಗೀತು. ಮಾಳವ್ವ ಸಮಾಧಾನವಾಗಿ, ನಾವು ಎಣಿಸೋರಲ್ಲಪ್ಪ, ನೀನೇ ಎಣಿಸ್ಕೋ ಅಂದ್ಲಂತೆ. ಅವನು ಎಣಿಸಿದ. ನಡುವೆ ಬೊಟ್ಟಿ ಆ ಕಡೆ ಹಾರಿತು. ಇನ್ನೊಂದು ಸಲ ಎಣಿಸಿದ. ಜಗಳಗಂಟಿ ಅವನ ಹಿಂದೆ ಬಂದು ಗುದ್ದಿತು. ಮೂರನೇ ಸಲ ಎಣಿಸೋ ಹೊತ್ತಿಗೆ ಮೂಗು ಕೆಂಪಗೆ, ಬೇಸಿಗೆ ಆದ್ರೂ ಹಿಮದ ಗಾಳಿಗೆ ಅಷ್ಟು ಚಳಿ. ಬೆರಳೇ ಮಡಿಸೋಕಾಗ್ತಿಲ್ಲ, ಇನ್ನು ಹೇಗೆ ಎಣಿಸ್ತಾನೆ? ಅಯ್ಯೋ ಅಣ್ಣಾ ಅಂತ ಕೆಂಚಿ ಕತ್ತರಿ ತೆಗೆದ್ಲು, ಅಲ್ಲೇ ಎರಡು ಕುರಿ ಉಣ್ಣೆ ಕತ್ತರಿಸಿದ್ಲು, ಅವನ ಕೈಗೆ ಸುತ್ತಿದ್ಲು, ಕಾಲಿಗೆ ಸುತ್ತಿದ್ಲು. ಅವನು ಹಾ ಅಂತ ಉಸಿರು ಬಿಟ್ಟು, ಸುಂಕ ಬಂತು, ಹೋಗಿ ಹೋಗಿ ಅಂದನಂತೆ.

ಬೆಟ್ಟದ ತುದೀಲಿ ಹಿಮ ಇನ್ನೂ ಇತ್ತು. ಮಾಳವ್ವ ಕಣ್ಣು ಕಿರಿದು ಮಾಡಿ ನೋಡಿ, ಯಾರೇ ಅದು ಅಷ್ಟೊಂದು ಉಣ್ಣೆ ತೊಳೆದು ಹರಡಿರೋದು ಅಂದ್ಲಂತೆ. ಕೆಂಚಿ ನಕ್ಕಳು. ಆಮೇಲೆ ನಗು ನಿಂತುಹೋಯ್ತು. ಅವ್ವ ತಮಾಷೆ ಮಾಡ್ತಿರಲಿಲ್ಲ.

ದೇವೀರಿ ಸಿಕ್ಕಿದ್ಲು. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಾಳವ್ವ ಮೂಗಿಗೆ ಮೂಗು ತಾಗೋ ಅಷ್ಟು ಹತ್ರ ಹೋಗಿ ಅವಳ ಮುಖ ನೋಡಿದ್ಲಂತೆ. ಎರಡನೇ ಕಂಬಳಿ ಕೊಟ್ಟಾಯ್ತು.

ಇನ್ನು ಒಂದೇ ಕಂಬಳಿ. ಕೆಂಚಿ ದಾಪುಗಾಲು ಹಾಕಿದ್ಲು, ಆದರೆ ಕುರಿ ಕುರಿ ನಡಿಗೇಲೇ ನಡೀತವೆ. ಮೊದಲು ದೂರದ ಮರ ಹೋಯ್ತು ಮಾಳವ್ವನ ಕಣ್ಣಿಂದ. ಆಮೇಲೆ ಮುಂದಿನ ಕುರಿ. ಆಮೇಲೆ ಹಿಂದಿನ ಕುರಿ. ಒಂದು ಬೆಳಿಗ್ಗೆ ಕರೇಕಿವೀನ ಬೊಟ್ಟಿ ಅಂತ ಕರೆದ್ಲು. ಕೆಂಚಿ ದಾರಿ ಮಧ್ಯೆ ಕುಕ್ಕರಿಸಿ ಕೂತು ಅತ್ಲಂತೆ. ನೀನು ಸಣ್ಣೀರಿ ಮೊದಲು ಅಂದೆಯಲ್ಲವ್ವ. ನಾನು ಹುಲ್ಲಿನ ಲೆಕ್ಕ ಹಾಕಿದೆ, ದಿನದ ಲೆಕ್ಕ ಹಾಕಿದೆ, ನಿನ್ನ ಕಣ್ಣಿಗೆ ನನ್ನ ಲೆಕ್ಕ ಗೊತ್ತಿರಲಿಲ್ಲ.

ಏಳು ಅಂದ್ಲು ಮಾಳವ್ವ. ಏನು ಕಾಣ್ತಿದೆ ಹೇಳು.

ಸೂರ್ಯಕಾಂತಿ ಹೊಲ, ಅವ್ವಾ.

ಎಷ್ಟು ದೂರಕ್ಕೆ?

ಆಕಾಶದವರೆಗೂ.

ಹಾಂ, ಕಾಣಿಸ್ತು. ನಡಿ ಅಂದ್ಲಂತೆ. ಅವತ್ತಿಂದ ಕೆಂಚಿ ಹೇಳ್ತಾ ಹೋದ್ಲು, ಮಾಳವ್ವ ನೋಡ್ತಾ ಹೋದ್ಲು.

ಮರಳಿನ ಅಂಚಿಗೆ ಬಂದ್ರಂತೆ. ಮುಂದೆ ಹುಲ್ಲೂ ಇಲ್ಲ, ನೀರೂ ಇಲ್ಲ. ಮೂರು ದಿನದ ದಾರಿ, ಒಂಟೆ ಮೇಲೇ ಹೋಗಬೇಕು. ಒಂಟೆಯವರು ಕೇಳಿದ ಬಾಡಿಗೆಗೆ ಪೂರ್ತಿ ಗಂಟೂ ಸಾಲದು. ಆದರೂ ಮಾಳವ್ವ ಸೊಂಟಕ್ಕೆ ಕೈ ಹಾಕಿದ್ಲು. ಅಷ್ಟರಲ್ಲಿ ಒಂಟೆ ಮೇಲಿನ ತೊಟ್ಟಿಲಲ್ಲಿ ಒಂದು ಮಗು ಕಿಟಾರನೆ ಕಿರುಚಿತು. ಯಾಕಪ್ಪ ಅಂದ್ರೆ, ತಾಯಿಗೆ ಜ್ವರ, ಹಾಲು ಬತ್ತಿದೆ ಅಂದ್ರು. ಕೆಂಚಿ ಒಂದು ಮೇಕೆ ಎಳೆದು ತಂದ್ಲು, ಅಲ್ಲೇ ಕೂತು ಹಾಲು ಕರೆದ್ಲು, ಕಾಯಿಸಿ ಆರಿಸಿ ಬಟ್ಟೆ ಬತ್ತೀಲಿ ಕುಡಿಸಿದ್ಲು. ಮಗು ಚಪ್ಪರಿಸಿತು. ಒಂಟೆಯವರ ಹಿರಿಯ ಮೇಕೇನ ನೋಡಿದ, ಮಗೂನ ನೋಡಿದ, ಆಮೇಲೆ ಬಾಡಿಗೆ ಮಾತು ಬಿಡವ್ವ, ಮೇಕೆ ಜೊತೆ ಹತ್ತಿ ಅಂದನಂತೆ.

ಕುರಿ? ಅಂಚಿನ ಊರಲ್ಲಿ ಕೆಂಪು ಪೇಟದ ರೈತನೊಬ್ಬ ಇದ್ದ. ನೀವು ಬರೋವರೆಗೂ ನನ್ನ ಹೊಲದಲ್ಲೇ ಇರಲಿ, ಎಷ್ಟಿವೆ ಎಣಿಸಿ ಕೊಡಿ ಅಂದ. ಎಣಿಸಲ್ಲ, ನಂಬ್ತೀವಿ ಅಂದ್ಲು ಮಾಳವ್ವ. ಆ ಮನುಷ್ಯ ಪೇಟ ತೆಗೆದು ಕಂಕುಳಲ್ಲಿ ಇಟ್ಕೊಂಡನಂತೆ.

ಆಮೇಲೆ ಒಂಟೆ ಮೇಲೆ ಮೂರು ದಿನ. ಮೂರನೇ ದಿನ ಮಾಳವ್ವನ ಕಣ್ಣಲ್ಲಿ ಉಳಿದಿದ್ದ ಚೂರು ಬೆಳಕೂ ಹೋಯ್ತಂತೆ. ಯಾರಿಗೂ ಹೇಳಲಿಲ್ಲ. ಸಣ್ಣೀರಿ ಓಡಿ ಬರೋ ಸದ್ದು ಕೇಳಿಸ್ತು. ಮಾಳವ್ವ ಎರಡು ಕೈಲೂ ಅವಳ ಮುಖ ಹಿಡ್ಕೊಂಡ್ಲು.

ಅಕ್ಕಾ, ನೋಡು, ಹೇಗಾಗಿಬಿಟ್ಟಿದ್ದೀನಿ. ಕೂದಲು ಹೋಯ್ತು, ಹಲ್ಲು ಹೋಯ್ತು, ಮುಖವೆಲ್ಲ ಸುಕ್ಕು ಅಂತ ಅತ್ಲು ಸಣ್ಣೀರಿ.

ಮಾಳವ್ವ ಜೋರಾಗಿ ನಕ್ಕಳಂತೆ. ಸುಳ್ಳು ಹೇಳಬೇಡ ಕಣೇ. ಬೊಮ್ಮಕ್ಕ ಮುದುಕಿ, ದೇವೀರಿ ಮುದುಕಿ, ನಾನೇ ನೋಡ್ಕೊಂಡು ಬಂದೆ. ನೀನು ಮಾತ್ರ ಸೊಂಟದ ಮೇಲಿದ್ದ ಹಾಗೇ ಇದ್ದೀಯ. ಎರಡು ಜಡೆ, ಮೂಗಲ್ಲಿ ಸುಂಬಳ.

ಹೂಂ ಅನ್ನು ಕೂಸೇ. ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ. ನಿಮ್ಮಜ್ಜಿನೂ ಇಲ್ಲಿ ನಿಲ್ತಿದ್ಲು.

ಆಮೇಲೆ ಮೂರನೇ ಕಂಬಳಿ ಹೊದಿಸಿದ್ರು, ಉಂಡ್ರು. ಸಣ್ಣೀರಿ ಗಂಡ, ತವರು ನೋಡಿ ಎಷ್ಟು ಕಾಲವಾಯ್ತು, ಅಕ್ಕನ ಜೊತೆ ಹೋಗಿ ಬಾ ಅಂದನಂತೆ. ಮೂವರೂ ಅದೇ ಒಂಟೆಯವರ ಜೊತೆ ಹೊರಟು ಮರಳಿನ ಅಂಚಿಗೆ ಬಂದ್ರು. ಮೇಕೆ ಆ ಮಗುವಿನ ಹತ್ರಾನೇ ಉಳೀತು. ಕೆಂಪು ಪೇಟದವನು ಮಂದೆ ಬಿಟ್ಟ. ಮಾಳವ್ವ ಒಂದೊಂದೇ ಕುರಿ ಕಿವಿ ಮುಟ್ಟಿ ಹೆಸರು ಕೂಗಿದ್ಲಂತೆ. ಬೊಟ್ಟಿ, ಕರೇಕಿವಿ, ಕುಂಟಿ. ಒಂದೂ ತಪ್ಪಿರಲಿಲ್ಲ. ಹೆಸರಿಲ್ಲದ ಕಿವಿಗಳೂ ಸಿಕ್ಕಿದ್ವು, ಮೆತ್ತಗೆ, ಬೆಚ್ಚಗೆ. ಇವು ಯಾರಪ್ಪಾ ಅಂದ್ರೆ, ನೀವಿಲ್ಲದಾಗ ಹುಟ್ಟಿದ ಮರಿ ತಾಯಿ, ನಾನೂ ಎಣಿಸಿಲ್ಲ ಅಂದನಂತೆ.

ಹಟ್ಟಿಗೆ ಬಂದಾಗ ಜನವೋ ಜನ. ಜಕ್ಕಣ್ಣ ಮೊದಲು ಕೇಳಿದ್ದೇ, ಗಂಟಲ್ಲಿ ಎಷ್ಟು ಉಳಿದಿದೆ? ಮಾಳವ್ವ ತೆಗೆದು ತೋರಿಸಿದ್ಲು. ಹೋಗೋವಾಗ ಹಾಕಿದ್ದ ಗಂಟು, ಹಾಗೇ ಇತ್ತು. ಕರಿಯಣ್ಣ, ಹೋಗಲಿ, ದೇಶ ಕಾಣಿಸ್ತಾ, ಕುರಿ ಬಾಲವಾ ಅಂದನಂತೆ. ಅರ್ಧ ನಾನು ನೋಡಿದೆ, ಅರ್ಧ ಕೆಂಚಿ ತೋರಿಸಿದ್ಲು, ಯಾವುದು ಹೆಚ್ಚು ಚೆನ್ನಾಗಿತ್ತೋ ಗೊತ್ತಿಲ್ಲ ಕಣಪ್ಪಾ ಅಂದ್ಲಂತೆ ಮಾಳವ್ವ.

ಗಂಟು ಮತ್ತೆ ಮಡಿಕೆಗೆ ಹಾಕಲಾ ಅಂದ್ಲು ಕೆಂಚಿ.

ಬೇಡ, ಸೊಂಟದಲ್ಲೇ ಇರಲಿ ಅಂದ್ಲು ಮಾಳವ್ವ. ಸಣ್ಣೀರೀನ ವಾಪಸ್ ಬಿಡಬೇಕಲ್ಲ! ಈ ಸಲ ನಿಮ್ಮಣ್ಣಂದಿರನ್ನೂ ಕರ್ಕೋ. ಬುತ್ತಿ ಮಾತ್ರ ಜಕ್ಕಣ್ಣನ ಕೈಗೆ ಕೊಡಬೇಡ.

ಮುಂದಿನ ಸುಗ್ಗಿಗೆ ಎಲ್ಲರೂ ಹೊರಟ್ರಂತೆ, ಕುರಿ ಮುಂದೆ, ಮರಿ ಹಿಂದೆ. ನಿಂಗೆ ನಿದ್ದೆ ಬಂತು. ಕೂಗೋಕೆ ಯಾರೂ ಇಲ್ಲ, ನಾನೇ ಕೂಗ್ತೀನಿ. ಬ್ಯಾ.

ಕುರಿ ಹಟ್ಟಿ ಸೇರಿದ್ವು, ಕತೆನೂ ಮುಗೀತು.